ನವಿಲಿನ ಕಪ್ಪು-ಬಸಿ

ಹಿತ್ತಲ ನಲ್ಲಿಯ ಕೆಳಗೆ ಕೂತು ನನ್ನ ಕಪ್ಪು-ಬಸಿ ತೊಳೆಯುತ್ತಿದ್ದೆ. ತಳದಲ್ಲಿ ಉಳಿದ ಚಹಾಪುಡಿಯನ್ನು ಕರಿಬೇವಿನ ಬುಡಕ್ಕೆ ಚೆಲ್ಲಿ, ಅಂಚನ್ನು ಬೆರಳಿನಿಂದ ಸುತ್ತಲೂ ಉಜ್ಜಿದೆ. ಎರಡರ ಮೇಲೂ ನವಿಲಿನ ಚಿತ್ರ. ಬಸಿಯ ನವಿಲಿನ ಬಾಲ ಅರ್ಧ ಮಾಸಿದೆ. ಕಪ್ಪಿನ ಹಿಡಿಕೆಯ ಪಕ್ಕ ಕೂದಲೆಳೆಯಂಥ ಸೀಳು. ಅದರೊಳಗೆ ಇಳಿದ ಕಂದು ಬಣ್ಣ ಎಷ್ಟು ತಿಕ್ಕಿದರೂ ಬಿಡುವುದಿಲ್ಲ. ನೀರು ಝಾಡಿಸಿ, ಬಚ್ಚಲ ಕಿಟಕಿಯ ಕಟ್ಟೆಯ ಮೇಲೆ ಎರಡನ್ನೂ ಬೋರಲು ಹಾಕಿ, ವೇಲಿಗೆ ಕೈ ಒರೆಸಿಕೊಂಡು ಒಳಗೆ ಬಂದೆ. ಈ ಕೆಲಸಕ್ಕೆ ಮಾತು ಬೇಕಿರಲಿಲ್ಲ. ಪ್ರತಿ ಭಾನುವಾರ ಚಹಾ ಮುಗಿದ ಮೇಲೆ ನಾನು ಏಳುತ್ತಿದ್ದೆ, ಉಳಿದವರು ಕೂತಿರುತ್ತಿದ್ದರು. ಅವರ ಕಪ್ಪುಗಳು ಅಡುಗೆಮನೆಯ ಬುಟ್ಟಿಯಲ್ಲಿ ಮರುದಿನ ಬರುವ ಕೆಲಸದವಳಿಗಾಗಿ ಕಾಯುತ್ತಿದ್ದವು.

ನನ್ನದು ನಾಜೂಕಾದ ಕಪ್ಪು, ಬುಟ್ಟಿಗೆ ಹಾಕಿದರೆ ಒಡೆದೀತು, ಅದಕ್ಕೇ ಬೇರೆ ಇಡಿಸುತ್ತಾರೆ ಎಂದು ನಾನು ತಿಳಿದಿದ್ದೆ.

ಆ ಮನೆ ಸೌಭಾಗ್ಯಕ್ಕನವರದು. ಸುರಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಗಂಡ ನೀಲಕಂಠಣ್ಣನವರ ಕಿರಾಣಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಅಣ್ಣನವರು ಉಂಡು ಮಲಗುತ್ತಾರೆ. ಆಗ ಅಕ್ಕನ ಚಹಾ ಶುರು. ಉಳಿದ ದಿನ ಅವರಲ್ಲೂ ಎಲ್ಲರ ಮನೆಯಂಥ ಹಾಲು ಸಕ್ಕರೆಯ ಚಹಾವೇ. ಭಾನುವಾರ ಮಾತ್ರ ಹೊಸದೊಂದು ಆಗಬೇಕು. ಒಂದು ವಾರ ಬೆಲ್ಲ ಹಾಕಿದ್ದು, ಒಂದು ವಾರ ನಿಂಬೆ ಹಿಂಡಿದ ಸುಲೇಮಾನಿ, ಒಂದು ವಾರ ದಾಸವಾಳದ ಕೆಂಪು ಚಹಾ. ಅಂಗಡಿಗೆ ಮಾಲು ಹಾಕುವವರಿಗೆ ಹೇಳಿ ಹೈದರಾಬಾದಿನಿಂದ ಪುಡಿ ತರಿಸುತ್ತಿದ್ದರು. ಮೊಬೈಲಿನಲ್ಲಿ ನೋಡಿ ಕಲಿಯುತ್ತಿದ್ದರು.

ನಾನು ಮೊದಲ ಸಲ ಹೋದದ್ದು ಅವರ ಜಂಪರು ಕೊಡಲು. ಏಳನೇ ತರಗತಿಗೆ ಶಾಲೆ ಬಿಟ್ಟ ಮೇಲೆ ನನ್ನ ಕೈಗೆ ಬಂದದ್ದು ಹೊಲಿಗೆ ಯಂತ್ರ. ಬಾಗಿಲಲ್ಲಿ ಕೊಟ್ಟು ಹೊರಡುತ್ತಿದ್ದೆ.

"ಎಲ್ಲಿ ಓಡಾಕತ್ತಿ? ಬಾ, ಚಾ ಕುಡಿದು ಹೋಗು" ಎಂದರು ಅಕ್ಕ.

ಅವರ ಅತ್ತೆ ಗೊಲ್ಲಾಳಮ್ಮನವರು ಗೋಡೆಗೆ ಒರಗಿ ಕೂತಿದ್ದರು. ಪಕ್ಕದ ಮನೆಯ ಗುರುದೇವಿಯಕ್ಕ ಇದ್ದರು. ನನ್ನ ಚಹಾ ನವಿಲಿನ ಕಪ್ಪಿನಲ್ಲಿ ಬಂತು, ಅಕ್ಕ, ಗುರುದೇವಿಯಕ್ಕ ಇಬ್ಬರದು ಬಿಳಿ ಕಪ್ಪುಗಳಲ್ಲಿ. ಚಹಾ ಮುಗಿದಾಗ ಗೊಲ್ಲಾಳಮ್ಮ, "ನಿಂದು ನೀನ ತೊಳದು ಕಟ್ಟಿಮ್ಯಾಲ ಇಡವಾ. ಇನ್ನ ಅದು ನಿಂದ ಕಪ್ಪು" ಎಂದರು. ಇನ್ನು ಅದು ನಿನ್ನದೇ. ಯಾವ ಮನೆಯಲ್ಲೂ ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ನಾನು ಜನರ ನಡುವೆ ಮಾತಾಡುವವಳಲ್ಲ. ಕೂತು ನೋಡುತ್ತೇನೆ. ಆದರೆ ಆ ಮನೆಯಲ್ಲಿ ನನ್ನ ಮಾತಿಗೆ ಕಾಯುತ್ತಿದ್ದರು. ಅಕ್ಕ ಏನು ಹಾಕಿದ್ದಾರೆಂದು ಮೊದಲ ಗುಟುಕಿಗೇ ನನಗೆ ಹೊಳೆಯುತ್ತಿತ್ತು. ಅವರು ಸೆರಗು ಸಿಕ್ಕಿಸಿಕೊಂಡು ಎದುರಿಗೇ ಕೂಡುತ್ತಿದ್ದರು.

"ಹೇಳು ಭಾರತಿ, ಇವತ್ತ ಏನ್ ಹಾಕೇನಿ?"

"ಬಡಿಸೋಪ ಅದರಿ. ಮತ್ತ..."

"ಮತ್ತ?"

"ಜರಾ ಮೆಣಸು. ಒಂದೆರಡು ಕಾಳಷ್ಟರಿ."

"ನೋಡ್ರಿ ಅತ್ತಿ" ಎಂದು ಅಕ್ಕ ನನ್ನ ಬೆನ್ನು ತಟ್ಟುತ್ತಿದ್ದರು. ಆ ತಟ್ಟಿದ ಜಾಗ ಸೋಮವಾರದವರೆಗೂ ಬೆಚ್ಚಗಿರುತ್ತಿತ್ತು.

ಒಮ್ಮೆ ಹಸಿರು ಚಹಾ ಮಾಡಿದ್ದರು. ಗೊಲ್ಲಾಳಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಅವರದು ಯಾವಾಗಲೂ ಸ್ಟೀಲಿನ ಲೋಟ.

"ಇದು ಚಾ ಅಲ್ಲವಾ. ಎಮ್ಮಿಗಿ ಹೊಟ್ಟಿ ಉಬ್ಬಿದಾಗ ಬಿದಿರಿನ ಗೊಟ್ಟದಾಗ ಹೊಯ್ತಿದ್ವಿ, ಅದ ಇದು."

"ಎಮ್ಮಿ ಆರಾಮ ಆಗ್ತಿತ್ತಿಲ್ರಿ ಅತ್ತಿ? ಹಂಗಾರ ಸುಮ್ಮ ಕುಡೀರಿ" ಎಂದರು ಗುರುದೇವಿಯಕ್ಕ. ಗೊಲ್ಲಾಳಮ್ಮ ನಕ್ಕು ನಕ್ಕು ಕೆಮ್ಮಿದರು. ನಾನೂ ನಕ್ಕೆ, ಬಾಯಿಗೆ ಕೈ ಅಡ್ಡ ಹಿಡಿಯದೆ.

ನಮ್ಮದು ಮೂಲತಃ ತಿಂಥಣಿ. ಅಪ್ಪ ಅಂಬಣ್ಣ ಈಗಲೂ ಹೊಳೆಗೆ ಇಳಿಯುತ್ತಾರೆ. ಬೆಳಗಿನ ಬಸ್ಸಿಗೆ ಮೀನಿನ ಬುಟ್ಟಿ ಏರಿಸಿ ಕಳಿಸುತ್ತಾರೆ, ಅವ್ವ ಮಲ್ಲಿಕಮ್ಮ ಇಲ್ಲಿ ಬಜಾರಿನಲ್ಲಿ ಕೂತು ಮಾರುತ್ತಾಳೆ. ಭಾನುವಾರ ಅವಳಿಗೆ ಉಸಿರಾಡಲು ಪುರಸೊತ್ತಿಲ್ಲ. ಮೊದಲು ನಾನೂ ಜೊತೆ ಕೂತು ಮೀನಿನ ಹುರುಪೆ ತೆಗೆದು ಕೊಡುತ್ತಿದ್ದೆ. ಅಕ್ಕನ ಚಹಾ ಶುರುವಾದ ಮೇಲೆ ಬಿಟ್ಟೆ. ಭಾನುವಾರ ಬೆಳಿಗ್ಗೆ ಬುಟ್ಟಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ನಿಂಬೆಯ ಸಿಪ್ಪೆಯಿಂದ ಉಗುರಿನ ಸಂದಿ ತಿಕ್ಕಿ, ತಲೆಗೆ ಎರೆದುಕೊಂಡು, ಇಸ್ತ್ರಿ ಮಾಡಿದ ಚೂಡಿದಾರ ತೊಟ್ಟು ಹೊರಡುತ್ತಿದ್ದೆ. ಬಜಾರಿನ ದಾರಿ ಹತ್ತಿರವಾದರೂ ಬಳಸಿಕೊಂಡು ಹೋಗುತ್ತಿದ್ದೆ. ಅವ್ವ ದೂರದಿಂದ ಕಂಡರೂ ಕರೆಯುತ್ತಿರಲಿಲ್ಲ.

ಸಂಜೆ ಮಾತ್ರ ಕೇಳುತ್ತಿದ್ದಳು: "ಇವತ್ತೇನ್ ಚಾ?"

ನಾನು ಹೇಳುತ್ತಿದ್ದೆ. ಒಂದು ಸಂಜೆ ಓಣಿಯ ಹೆಂಗಸರ ಎದುರಿಗೇ, "ಅವ್ವಾ, ಅಲ್ಲಿ ನನಗಂತನ ಒಂದು ಕಪ್ಪು ಇಟ್ಟಾರ. ಯಾರಿಗೂ ಕೊಡಂಗಿಲ್ಲ" ಎಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಅವ್ವ ಬುಟ್ಟಿಗೆ ನೀರು ಹೊಯ್ಯುತ್ತಿದ್ದಳು. "ಚೊಲೋ ಆತು" ಎಂದಳು, ಮತ್ತೊಂದು ಕೊಡ ಹೊಯ್ದಳು.

ಕಪ್ಪಿನ ನಿಜ ಸಂಗತಿ ತಿಳಿದದ್ದು ಈಚಿನ ಒಂದು ಭಾನುವಾರ. ಅಕ್ಕ ಇರಾನಿ ಚಹಾ ಮಾಡಿದ್ದರು. ಹಾಲು ಬೇರೆಯೇ ಕುದಿಸಿ ಗಟ್ಟಿ ಮಾಡಿ, ಪುಡಿಯ ನೀರು ಬೇರೆ ಇಟ್ಟು, ಕಡೆಗೆ ಕೂಡಿಸುವ ಚಹಾ. ಬೆಳಗಿನಿಂದ ಹಿಡಿದ ಕೆಲಸ. ಕಪ್ಪುಗಳಿಗೆ ಹೊಯ್ದು ಪಾತ್ರೆ ಖಾಲಿಯಾದ ಮೇಲೆ ಗುರುದೇವಿಯಕ್ಕನ ತಂಗಿ ರಾಯಚೂರಿನಿಂದ ಬಂದರು. ಚೀಲ ಇಳಿಸಿ ನನ್ನ ಪಕ್ಕದಲ್ಲೇ ಕೂತರು.

"ವಾಸನಿ ಓಣಿ ತುಂಬ ಬರಾಕತ್ತದ" ಎಂದರು.

"ತಡೀರಿ, ಇನ್ನೊಂದ್ಸಲ ಇಡ್ತೀನಿ" ಎಂದು ಅಕ್ಕ ಎದ್ದರು.

"ಬ್ಯಾಡ್ರಿ, ಅಷ್ಟು ತ್ರಾಸ ಯಾಕ? ಯಾರರ ಬಸಿಯಾಗ ಒಂದು ಗುಟುಕು ಕೊಟ್ರ ಸಾಕು."

ನಮ್ಮ ಕಡೆ ಚಹಾ ಕಡಿಮೆ ಬಿದ್ದರೆ ಒಂದನ್ನು ಎರಡು ಮಾಡುತ್ತಾರೆ. ಅರ್ಧ ಬಸಿಗೆ ಸುರಿದು, ಬಂದವರಿಗೆ ಕಪ್ಪು ಕೊಟ್ಟು, ಮನೆಯವರು ಬಸಿಯಲ್ಲಿ ಕುಡಿಯುತ್ತಾರೆ. ನಾನು ಇನ್ನೂ ತುಟಿ ಹಚ್ಚಿರಲಿಲ್ಲ. ಯಾರೂ ಹೇಳದೆ ಅರ್ಧ ಚಹಾ ಬಸಿಗೆ ಸುರಿದುಕೊಂಡೆ. ಕಪ್ಪನ್ನು ಅವರತ್ತ ಚಾಚಿ, "ತಗೋರಿ ಅಕ್ಕಾ" ಎಂದೆ. ಆ ಮನೆಯ ಮಗಳ ಹಾಗೆ.

ಅವರು ಕೈ ಮುಂದೆ ಮಾಡಿದರು.

"ಏ, ಆ ಕಪ್ಪು ಬ್ಯಾಡ" ಎಂದರು ಗೊಲ್ಲಾಳಮ್ಮ.

"ಇರ್ಲಿ ತಗೋರಿ. ಎಂಜಲಾ ಮಾಡಿಲ್ಲ ಆಕಿ" ಎಂದರು ರಾಯಚೂರಿನವರು.

"ಎಂಜಲಂತಲ್ಲವಾ. ಅದು ಹೊರಗಿನ ಕಪ್ಪು. ಮೀನ ತಿನ್ನೋರು ಬಂದ್ರ ಕೊಡಾಕ ಇಟ್ಟದ್ದು. ನಮ್ಮದು ಲಿಂಗ ಕಟ್ಟಿದ ಮನಿ, ನಿನಗ ಗೊತ್ತಿಲ್ಲೇನು?"

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಉಪ್ಪು ಯಾವ ಡಬ್ಬಿಯಲ್ಲಿದೆ ಎಂದು ಹೇಳಿದ ಹಾಗೆ ಹೇಳಿದರು. ನನ್ನ ಮುಂದೆಯೇ ಹೇಳಿದರು, ಏಕೆಂದರೆ ನನಗೆ ಮೊದಲೇ ಗೊತ್ತಿದೆ ಎಂದು ಅವರು ತಿಳಿದಿದ್ದರು. ಗೊತ್ತಿರದೆ ಯಾರಾದರೂ ಇಷ್ಟು ತಿಂಗಳು ತಮ್ಮ ಕಪ್ಪು ತಾವೇ ತೊಳೆದು ಹೊರಗೆ ಇಡುತ್ತಾರೆಯೆ?

ರಾಯಚೂರಿನವರು ಕೈ ಹಿಂದೆಳೆದು ಸೆರಗಿಗೆ ಒರೆಸಿಕೊಂಡರು. ಅವರು ಕಪ್ಪನ್ನು ಮುಟ್ಟಿರಲೇ ಇಲ್ಲ. ನನ್ನ ಕೈ ಇನ್ನೂ ಚಾಚಿಯೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನಾನು ಸೌಭಾಗ್ಯಕ್ಕನನ್ನು ನೋಡಿದೆ. ಅವರು ಒಲೆಯ ಕಡೆ ತಿರುಗಿ, ಖಾಲಿ ಪಾತ್ರೆಯನ್ನು ಚಮಚದಿಂದ ತಿರುವುತ್ತಿದ್ದರು.

"ಬಿಸ್ಕೀಟ ತಗೋರಿ ಎಲ್ಲಾರು" ಎಂದರು ಗುರುದೇವಿಯಕ್ಕ.

ನಾನು ಬಸಿಯಲ್ಲಿದ್ದದ್ದು ಕುಡಿದೆ, ಆಮೇಲೆ ಕಪ್ಪಿನಲ್ಲಿದ್ದದ್ದು ಕುಡಿದೆ. ಏನು ಹಾಕಿದ್ದಾರೆಂದು ಅವತ್ತು ಯಾರೂ ಕೇಳಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ತೊಳೆದೆ. ಎಸೆದು ಬರಬಹುದಿತ್ತು, ಹಾಗೇ ಬಿಟ್ಟು ಬರಬಹುದಿತ್ತು. ತೊಳೆದೆ, ಹಿಂದಿಗಿಂತ ಚೊಕ್ಕಟವಾಗಿ ತೊಳೆದು ಬೋರಲು ಹಾಕಿದೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನನ್ನು ಸುಟ್ಟದ್ದು ಗೊಲ್ಲಾಳಮ್ಮನ ಮಾತಿಗಿಂತ ಅದೇ.

ಅವ್ವ ಬಾಗಿಲಲ್ಲಿ ಕೂತು ಕಾಲು ತೊಳೆದುಕೊಳ್ಳುತ್ತಿದ್ದಳು.

"ಇವತ್ತೇನ್ ಚಾ?"

ನಾನು ಹೋಗಿ ಯಂತ್ರದ ಮುಂದೆ ಕೂತೆ. ದಾರ ಪೋಣಿಸಲು ಹೋದರೆ ಸೂಜಿಯ ಕಣ್ಣು ಕಾಣಲಿಲ್ಲ. ಅವ್ವ ಇನ್ನೊಂದು ಚೆಂಬು ನೀರು ಕಾಲಿಗೆ ಹೊಯ್ದುಕೊಂಡಳು.

"ಹೇಳಿದ್ರೇನು?"

"ಏನು?"

"ಕಪ್ಪಿಂದು."

ನಾನು ತಿರುಗಿ ನೋಡಿದೆ.

"ನವಿಲಿಂದ ಹೌದಲ್ಲ? ಹಿಡಿಕಿ ಬಾಜೂಕ ಸೀಳೈತಿ?"

"ನಿನಗ ಹ್ಯಾಂಗ ಗೊತ್ತು?"

"ನೀಲಕಂಠನ ಲಗ್ನದಾಗ ಜ್ವಾಳ ಹಸನ ಮಾಡಾಕ ಹೋಗಿದ್ನಿ. ಆವಾಗ ಹೊಸಾದಿತ್ತು. ನವಿಲು ಭಾಳ ಚಂದಿತ್ತು" ಎಂದಳು. "ಸೀಳು ನನ್ನ ಕೈಯಾಗ ಬಿದ್ದದ್ದು. ಚಾ ಕುಡಿದು ತೊಳ್ಯೋ ಮುಂದ ನಲ್ಲಿಗಿ ತಾಕಿತ್ತು. ಯಾರಿಗೂ ಹೇಳಲಿಲ್ಲ."

"ನಾ ಎಲ್ಲಾರ ಮುಂದ ಹೇಳಿದಾಗ ಯಾಕ ಸುಮ್ಮಕಿದ್ದಿ?"

"ನೀ ಅಷ್ಟು ಖುಷೀಲೆ ಹೇಳಾಕತ್ತಿದ್ದಿ."

ಅವಳು ಕಾಲಿನ ಬೆರಳ ಸಂದಿಯನ್ನು ಕಲ್ಲಿನಿಂದ ತಿಕ್ಕುತ್ತಿದ್ದಳು. ಬಚ್ಚಲ ಗೂಡಿನಲ್ಲಿ ಬೆಳಿಗ್ಗೆ ನಾನು ತಿಕ್ಕಿ ಎಸೆದ ನಿಂಬೆ ಸಿಪ್ಪೆಗಳು ಒಣಗಿದ್ದವು. ಅವುಗಳನ್ನು ಅವಳು ಪ್ರತಿ ವಾರ ಎತ್ತಿ ಹಾಕುತ್ತಾಳೆ. ಏಕೆ ತಿಕ್ಕುತ್ತೀಯ ಎಂದು ಒಮ್ಮೆಯೂ ಕೇಳಿಲ್ಲ. ನನಗೆ ಅವಳ ಮುಖ ನೋಡಲಾಗಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಬುಟ್ಟಿಯ ಮುಂದೆ ಅವ್ವನ ಜೊತೆ ಕೂತೆ. ಅವಳು ಬೇಡ ಎನ್ನಲಿಲ್ಲ, ಬಾ ಎನ್ನಲಿಲ್ಲ, ಪಕ್ಕಕ್ಕೆ ಸರಿದಳು. ಮಧ್ಯಾಹ್ನ ಸೋಪು ಹಚ್ಚಿ ಕೈ ತೊಳೆದುಕೊಂಡು, ಬಜಾರಿನ ದಾರಿಯಿಂದಲೇ ಅಕ್ಕನ ಮನೆಗೆ ಹೋದೆ. ತಿಂಥಣಿಯ ಅಜ್ಜಿಯ ಹಿತ್ತಲಿನಿಂದ ಚಹಾಕ್ಕೆ ನಿಂಬೆ ವಾಸನೆಯ ಮಜ್ಜಿಗೆ ಹುಲ್ಲು ತರಿಸಿಕೊಡುತ್ತೇನೆಂದು ಹಿಂದೆಯೇ ಮಾತು ಕೊಟ್ಟಿದ್ದೆ. ಅಪ್ಪ ಮೀನಿನ ಬುಟ್ಟಿಯ ಜೊತೆಗೆ ಬೇರೆ ಚೀಲದಲ್ಲಿ ಕಳಿಸಿದ್ದರು. ಹೋಗದಿದ್ದರೂ ನಡೆಯುತ್ತಿತ್ತು. ಆದರೆ ಆ ಮನೆ ಬಿಟ್ಟರೆ ನನ್ನ ಮಾತು ಕೇಳುವ ಇನ್ನೊಂದು ಮನೆ ಈ ಊರಿನಲ್ಲಿಲ್ಲ. ಅಷ್ಟಕ್ಕೇ ಹೋದೆ ಎಂದು ಹೇಳಲೂ ನಾಚಿಕೆ.

ಅಕ್ಕ ಹುಲ್ಲನ್ನು ಮೂಗಿಗೆ ಹಿಡಿದು, ನನ್ನನ್ನು ನೋಡದೆ, "ಭಾಳ ಚೊಲೋ ಅದ" ಎಂದರು. ಹುಲ್ಲು ಕತ್ತರಿಸಿ ಕುದಿಸಿದರು. ಆಮೇಲೆ ಅಂಗಡಿಯಿಂದ ಒಂದು ಕಟ್ಟು ತಂದು ಬಿಚ್ಚಿದರು. ಕಾಗದದ ಕಪ್ಪುಗಳು.

"ಇನ್ನ ಎಲ್ಲಾರಿಗೂ ಇವ. ತೊಳ್ಯೋ ತಾಪತ್ರಯ ಇಲ್ಲ."

"ಬಸ್ ಸ್ಟ್ಯಾಂಡಿನಾಗ ಕುಂತಂಗ ಆಗ್ತದಲ್ಲೇ ಸೌಭಾಗ್ಯ" ಎಂದರು ಗುರುದೇವಿಯಕ್ಕ. ಯಾರೂ ನಗಲಿಲ್ಲ.

ನನ್ನದೂ ಕಾಗದದ್ದು, ಅವರದೂ ಕಾಗದದ್ದು. ಗೊಲ್ಲಾಳಮ್ಮನದು ಸ್ಟೀಲಿನ ಲೋಟ. ಅವರು ಒಂದು ಗುಟುಕು ಕುಡಿದು, "ಹುಲ್ಲು ಘಮಘಮ ಅಂತದ ಭಾರತಿ. ಇನ್ನೊಮ್ಮಿ ತಗೊಂಡು ಬಾ" ಎಂದರು. ಬಿಸ್ಕೀಟನ್ನು ತಾವೇ ಎತ್ತಿ ನನ್ನ ಅಂಗೈಯಲ್ಲಿಟ್ಟರು. ನನಗೆ ಚಹಾದಲ್ಲಿ ಕಾಗದದ ರುಚಿಯೇ ಹತ್ತಿತು. ಅಕ್ಕ ಇದನ್ನು ನನಗಾಗಿಯೇ ಮಾಡಿದ್ದಾರೆ ಎಂದು ತಿಳಿಯುತ್ತಿತ್ತು. ಅವರ ಆಸೆಯ ಬಿಳಿ ಕಪ್ಪುಗಳು ಗೋಡೆಯ ಗೂಡಿನಲ್ಲಿ ಸಾಲಾಗಿ ಕೂತಿದ್ದವು. ನನ್ನಿಂದಾಗಿ ಎಲ್ಲರೂ ಕಾಗದದಲ್ಲಿ ಕುಡಿಯುವ ಹಾಗಾಯಿತಲ್ಲ ಎಂದು ಮತ್ತೆ ನನಗೇ ನಾಚಿಕೆಯಾಯಿತು.

ಚಹಾ ಮುಗಿಯಿತು. ರೂಢಿಯಂತೆ ಎದ್ದು ನಿಂತೆ. ತೊಳೆಯಲು ಏನೂ ಇರಲಿಲ್ಲ. ಹಿತ್ತಲ ಬಾಗಿಲಿನಿಂದ ಬಚ್ಚಲ ಕಿಟಕಿ ಕಾಣುತ್ತಿತ್ತು. ನಾನು ಹೋದ ವಾರ ಬೋರಲು ಹಾಕಿದ ಹಾಗೆಯೇ ನವಿಲಿನ ಕಪ್ಪು-ಬಸಿ ಅಲ್ಲಿದ್ದವು.

ನಾನು ಮತ್ತೆ ಕೂಡಲಿಲ್ಲ.

"ಅಕ್ಕಾ, ಮುಂದಿನ ಐತಾರ ನಮ್ಮ ಮನಿಗಿ ಬರ್ರಿ. ಎಲ್ಲಾರೂ ಬರ್ರಿ. ಚಾ ನಾ ಮಾಡ್ತೀನಿ."

ಅಕ್ಕ ಖಾಲಿ ಕಾಗದದ ಕಪ್ಪುಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದರು. ಕೈ ನಿಂತಿತು, ಮತ್ತೆ ಸೇರಿಸತೊಡಗಿದರು. ಗುರುದೇವಿಯಕ್ಕ ಗೊಲ್ಲಾಳಮ್ಮನನ್ನು ನೋಡಿದರು. ಗೊಲ್ಲಾಳಮ್ಮ ತಮ್ಮ ಲೋಟದ ತಳ ನೋಡುತ್ತಿದ್ದರು. ಒಳಗಿನ ಕೋಣೆಯಿಂದ ಅಣ್ಣನವರ ಗೊರಕೆ ಕೇಳುತ್ತಿತ್ತು.

"ಒಂದ ಸಲ ಬರ್ರಿ, ಅಕ್ಕಾ" ಎಂದೆ.