ಮೈಕಿನಲ್ಲಿ ಕೂಗದ ಹೆಸರು

"ತಲೆ ಸ್ವಲ್ಪ ಎತ್ತಿ ಹಿಡ್ಕೋ ಮಗಾ, ಹಿಂದೆ ಸಿಕ್ಕಾಗಿದೆ," ಎಂದಳು ಫಿದೆನ್ಸಿಯಾ. ನಿಕಾನೋರಾ ಸತ್ತ ತಾಯಿಯ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಫಿದೆನ್ಸಿಯಾಳ ಗೆಳತಿ ರೆಮಿಹಿಯಾಳ ಕೂದಲು ಬದುಕಿದ್ದಾಗಲೂ ಹಟಮಾರಿ, ಈಗಲೂ ಬಾಚಣಿಗೆಗೆ ಬಗ್ಗಲೊಲ್ಲದು.

ಅಂಗಳದಲ್ಲಿ ಹೆಂಗಸರು ಮೆಕ್ಕೆಜೋಳದ ಸಿಪ್ಪೆಯಲ್ಲಿ ತಮಾಲೆ ಕಡುಬು ಸುತ್ತುತ್ತ ಸತ್ತವಳ ಗುಣಗಾನ ನಡೆಸಿದ್ದರು. ಆ ಬೆಟ್ಟದೂರಿಗೆಲ್ಲ ಒಂದೇ ಫೋನಿದ್ದ ಕಾಲದಲ್ಲಿ ಅದು ಇದ್ದದ್ದು ರೆಮಿಹಿಯಾಳ ಅಂಗಡಿಯಲ್ಲಿ. ಗಡಿಯಾಚೆ ಉತ್ತರಕ್ಕೆ ದುಡಿಯಲು ಹೋದ ಗಂಡಸರು ಕರೆ ಮಾಡಿದರೆ ಅವಳು ಮೈಕಿನಲ್ಲಿ ಹೆಸರು ಕೂಗುವಳು. ಹೆಸರು ಕೇಳಿದವಳು ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿ ಬರುವಳು.

"ಏನೇ ಹೇಳಿ, ಪುಣ್ಯಾತ್ಗಿತ್ತಿ ಜನ್ಮದಲ್ಲಿ ಒಂದು ಸುಳ್ಳು ಹೇಳಲಿಲ್ಲ," ಎಂದಳು ಒಬ್ಬಳು.

"ಹೇಳ್ಬೇಕಾದ್ದನ್ನ ನುಂಗ್ಕೊಂಡು ಕೂತ್ರೆ ಅದೂ ಸುಳ್ಳೇ ಕಣೇ," ಎಂದಳು ಮುದುಕಿ ಕ್ಲೋತಿಲ್ದೆ. ಯಾರ ಸಾವಿನಲ್ಲೂ ಬಾಯಿ ಮುಚ್ಚಿ ಗೊತ್ತಿಲ್ಲದ ಹೆಂಗಸು. "ನನ್ನ ಮಗ ಅಲ್ಲಿ ಕುಡಿದು ಬಿದ್ದಿರೋದು ಮೊದಲು ತಿಳಿದಿದ್ದು ಇವಳಿಗೆ. ಬಾಯಿ ಬಿಟ್ಲಾ?"

"ಹಂಗಾದ್ರೆ ಊರಿನ ಮೂಕರೆಲ್ಲ ಸುಳ್ಳುಗಾರರು ಅನ್ನು!"

ನಗು ಎದ್ದಿತು. ನಿಕಾನೋರಾ ಕಾಲಿನಿಂದಲೇ ಬಾಗಿಲು ದೂಡಿ ಮುಚ್ಚಿದಳು.

"ಚಿಕ್ಕಮ್ಮಾ, ಒಂದು ಮಾತಿದೆ. ನಾಲಿಗೆ ಏಳ್ತಿಲ್ಲ."

"ಹೇಳು."

"ನಿಮ್ಮ ಯಜಮಾನ್ರು, ಎವಾರಿಸ್ತೋ ಚಿಕ್ಕಪ್ಪ, ಉತ್ತರಕ್ಕೆ ಹೋದ್ಮೇಲೆ ಒಂದ್ಸಲ ಅಂಗಡಿಗೆ ಫೋನ್ ಮಾಡಿದ್ರಂತೆ. ಇಲ್ಲಿ ಬೇರೆ ಸಂಸಾರ ಮಾಡ್ಕೊಂಡಿದೀನಿ, ನನಗೆ ಕಾಯ್ಬೇಡ ಅಂತ ಅವಳಿಗೆ ಹೇಳಿ ಅಂದ್ರಂತೆ. ಅಮ್ಮ ನಿಮಗೆ ಹೇಳ್ಲೇ ಇಲ್ಲ. ಕೊನೆ ಉಸಿರು ಎಳೀತಾನೂ ಅದೇ ಗೋಳು, ಅವಳ ಹರೆಯ ನಾನೇ ತಿಂದೆ ಅಂತ. ಸುಮ್ಮನಿದ್ದದ್ದು ಸುಳ್ಳಲ್ಲಮ್ಮ ಅಂತ ಪಾದ್ರಿಗಳು ಹೇಳಿದ್ರೂ ಒಪ್ಲಿಲ್ಲ. ನಿಮ್ಮನ್ನ ಕರೆಸ್ಲಾ ಅಂದೆ. ಯಾವ ಮುಖ ಇಟ್ಕೊಂಡು ನೋಡ್ಲಿ, ಬೇಡ ಅಂದ್ಲು."

ಬಾಚಣಿಗೆ ಕೂದಲಲ್ಲೇ ನಿಂತಿತು.

\*

ಆ ಸುದ್ದಿ ಫಿದೆನ್ಸಿಯಾಗೆ ಅದೇ ವರ್ಷ ತಲುಪಿತ್ತು. ಉತ್ತರದಿಂದ ಮರಳಿದ ಅಣ್ಣ ಹೇಳಿದ್ದ. ಇನ್ನೊಂದು ಕಿವಿಗೆ ಬೀಳಬಾರದು ಎಂದು ಅವನಿಂದ ಆಣೆ ಹಾಕಿಸಿಕೊಂಡಳು. ಗಂಡ ಬಿಟ್ಟವಳು ಎಂದು ಊರವರ ಬಾಯಿಗೆ ಬೀಳುವುದಕ್ಕಿಂತ ಗಂಡನಿಗೆ ಕಾಯುವವಳು ಎನ್ನಿಸಿಕೊಳ್ಳುವುದೇ ಮೇಲು. ಭಾನುವಾರ ಎಂದಿನಂತೆ ಹೋಗಿ, ಗಂಡನ ಕರೆಗೆ ಕಾಯುವವಳಂತೆ ಅಂಗಡಿಯ ಬೆಂಚಿನ ಮೇಲೆ ಕೂತಳು.

ರೆಮಿಹಿಯಾ ದಾಲ್ಚಿನ್ನಿ ಹಾಕಿದ ಕಾಫಿ ತಂದಿಟ್ಟಳು. ಅಯ್ಯೋ ಪಾಪ ಎಂದು ಹಾಕಿದಂತೆ ಬೆಲ್ಲ ಎಂದಿಗಿಂತ ಜಾಸ್ತಿಯಾಗಿತ್ತು. ಓಹೋ, ಇವಳಿಗೂ ಗೊತ್ತಾಗಿದೆ ಎಂದು ಫಿದೆನ್ಸಿಯಾಗೆ ಮೊದಲ ಗುಟುಕಿನಲ್ಲೇ ತಿಳಿಯಿತು.

"ಲೈನ್ ಕೆಟ್ಟಿರ್ಬೇಕು ಬಿಡೇ," ಎಂದಳು ತಾನಾಗಿಯೇ.

ರೆಮಿಹಿಯಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಇನ್ನೊಂದು ಲೋಟ ಬಗ್ಗಿಸಿದಳು.

ಹೀಗೇ ಎಷ್ಟೋ ಭಾನುವಾರ. ಮನೆ ಮನೆಗೂ ಮೊಬೈಲು ಬಂದು, ಅಂಗಡಿಯ ಫೋನು ಧೂಳು ಹಿಡಿದ ಮೇಲೂ ಕಾಫಿ ನಿಲ್ಲಲಿಲ್ಲ. ತನ್ನ ಮಾನ ಉಳಿಸಲೆಂದೇ ಗೆಳತಿ ಸುಮ್ಮನಿದ್ದಾಳೆ, ಇಬ್ಬರೂ ಸೇರಿ ಒಂದೇ ಗುಟ್ಟು ಕಾಯುತ್ತಿದ್ದೇವೆ ಎಂದುಕೊಂಡಿದ್ದಳು ಫಿದೆನ್ಸಿಯಾ. ತನಗೆ ಗೊತ್ತಿರುವುದು ತಿಳಿಯದೆ ರೆಮಿಹಿಯಾ ಒಬ್ಬಳೇ ಒಳಗೊಳಗೆ ಬೇಯುತ್ತಿರಬಹುದು ಎಂದು ಒಂದು ದಿನವೂ ಹೊಳೆಯಲಿಲ್ಲ.

\*

"ಬೈದುಬಿಡಿ ಚಿಕ್ಕಮ್ಮಾ, ಹಿಂಗೆ ಸುಮ್ಮನಿರಬೇಡಿ," ಎಂದು ನಿಕಾನೋರಾ ಅತ್ತಳು.

ಫಿದೆನ್ಸಿಯಾ ಜಡೆ ಹೆಣೆದು ಮುಗಿಸಿ ಕಪ್ಪು ರಿಬ್ಬನ್ ಕಟ್ಟಿದಳು. ತನಗೂ ಗೊತ್ತಿತ್ತೆಂದು ಈಗ ಹೇಳಿದರೆ ಕೇಳಬೇಕಾದವಳಿಗೆ ಕೇಳುವುದಿಲ್ಲ. ಹೇಳದಿದ್ದರೆ ಊರಿನ ಕಣ್ಣಿಗೆ ತಾನು ಇನ್ನೂ ಎವಾರಿಸ್ತೋನ ಹೆಂಡತಿ. ಅಯ್ಯೋ ದೇವರೇ, ಇದೇನು ಮಾಡಿಬಿಟ್ಟೆ!

ಪೆಟ್ಟಿಗೆ ಹೊರಗೆ ಬಂತು. ಬ್ಯಾಂಡಿನವರು ಮುಂದಾದರು. ಮೇಣದ ಬತ್ತಿ ಹಿಡಿದು ಹಿಂದೆ ನಡೆಯಬೇಕಾದ ಫಿದೆನ್ಸಿಯಾಳೇ ಕಾಣಲಿಲ್ಲ.

"ಎಲ್ಲಿ ಹೋದ್ಲು ಇವಳು?" ಎಂದಳು ಕ್ಲೋತಿಲ್ದೆ.

ಅಷ್ಟರಲ್ಲಿ ಅಂಗಡಿಯ ಚಾವಣಿಯ ಮೇಲಿನ ಸ್ಪೀಕರ್ ಗೊರಗುಟ್ಟಿತು. ಬ್ಯಾಂಡು ನಿಂತಿತು.

"ರೆಮಿಹಿಯಾ... ರೆಮಿಹಿಯಾ... ನಿನಗೆ ಫೋನ್ ಬಂದಿದೆ. ಫಿದೆನ್ಸಿಯಾ ಮಾತಾಡ್ತಿದೀನಿ. ಎವಾರಿಸ್ತೋ ನನ್ನ ಬಿಟ್ಟುಹೋಗಿದ್ದು ನನಗೆ ಗೊತ್ತಿತ್ತು ಕಣೇ. ಆವತ್ತಿಂದಲೂ ಗೊತ್ತಿತ್ತು. ನಾನೇ ನಿನಗೆ ಹೇಳ್ಲಿಲ್ಲ."

ಮೈಕಿನಲ್ಲಿ ಹೆಸರು ಕೂಗಿದರೆ ಅಂಗಡಿಯ ಕಡೆ ತಿರುಗುವುದು ಆ ಊರಿನ ಕಾಲುಗಳಿಗೆ ಹತ್ತಿದ ಹಳೆಯ ಅಭ್ಯಾಸ. ಪೆಟ್ಟಿಗೆ ಹೊತ್ತವರು, ಯಾರೂ ಹೇಳದಿದ್ದರೂ, ಸ್ಮಶಾನದ ದಾರಿ ಬಿಟ್ಟು ಅತ್ತ ತಿರುಗಿ, ಅಂಗಡಿಯ ಬೆಂಚಿನ ಮುಂದೆ ಹೋಗಿ ನಿಂತರು.