ಈಜುಮೇಷ್ಟ್ರ ಉಸಿರು

ಆ ಬಡಾವಣೆಯ ಈಜುಕೊಳದಲ್ಲಿ ಕಲಿತ ಮಕ್ಕಳೆಲ್ಲ ಅವನನ್ನು ಮೀನುಮೇಷ್ಟ್ರು ಎಂದೇ ಕರೆಯುತ್ತಿದ್ದರು. ಉದ್ದನೆಯ ಕೈ, ಅಗಲವಾದ ಎದೆ. ಕೊಳದ ಈ ತುದಿಯಲ್ಲಿ ನಿಂತು ಬಾಯಿ ಬಿಟ್ಟರೆ ಆ ತುದಿಯಲ್ಲಿ ಕಾಲು ಬಡಿಯುತ್ತಿದ್ದ ಮಗು ಬೆಚ್ಚಿಬೀಳುವಂಥ ಗಂಟಲು. ಮನೆಗೆ ಬಂದರೂ ಅವನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ.

"ಉಪ್ಪು ಕೊಡು ಅನ್ನೋದನ್ನ ಪಕ್ಕದ ಬೀದಿಗೂ ಕೇಳೋ ಹಾಗೆ ಹೇಳ್ತೀಯಲ್ಲೋ, ಯಾರಾದ್ರೂ ಚೀಲ ಹೊತ್ಕೊಂಡು ಬಂದಾರು," ಎಂದು ಅವನ ತಾಯಿ ಊಟಕ್ಕೆ ಕೂತಾಗಲೆಲ್ಲ ಛೇಡಿಸುತ್ತಿದ್ದರು.

ಅವನ ಹೆಂಡತಿ ಹತ್ತಿರದ ಬ್ಯೂಟಿ ಪಾರ್ಲರ್‌ನಲ್ಲಿ ಕೂದಲು ಕತ್ತರಿಸುವ ಕೆಲಸ ಮಾಡುತ್ತಿದ್ದಳು. ಸೊಸೆಯನ್ನೂ ಅತ್ತೆ ಬಿಡುತ್ತಿರಲಿಲ್ಲ. "ಊರವರ ತಲೆಯೆಲ್ಲ ನಿನ್ನ ಕೈಲಿದೆ, ನನ್ನ ತಲೆಗೆ ಎಣ್ಣೆ ಹಚ್ಚೋಕೆ ಮಾತ್ರ ಪುರುಸೊತ್ತಿಲ್ಲ," ಎನ್ನುವರು. ಅಂದ ಮಾತಿನ ಹಿಂದೆಯೇ ತಮ್ಮ ತಟ್ಟೆಯಲ್ಲಿದ್ದುದರಲ್ಲಿ ಒಂದು ಪಾಲು ಅವಳ ತಟ್ಟೆಗೆ ಸರಿಸುವರು. ಮನೆಯವರೆಲ್ಲ ಗುಬ್ಬಿ ಎಂದು ಕರೆಯುತ್ತಿದ್ದ ಮಗಳು ಹೈಸ್ಕೂಲಿಗೆ ಕಾಲಿಡುವ ಹೊತ್ತಿಗೆ ಅಪ್ಪನ ಕೊಳದಲ್ಲಿ ಎಲ್ಲರಿಗಿಂತ ಮುಂದಿದ್ದಳು. ಮೂರನೇ ಮಹಡಿಯ ಎರಡು ಕೋಣೆಯ ಬಾಡಿಗೆ ಮನೆ. ಬಾಲ್ಕನಿಯಲ್ಲಿ ಯಾವಾಗಲೂ ಒದ್ದೆ ಟವೆಲ್ಲು. ಕ್ಲೋರಿನ್ ವಾಸನೆಗೆ ಎಲ್ಲರ ಮೂಗೂ ಒಗ್ಗಿಹೋಗಿತ್ತು.

ರೋಗ ಬಂತು, ಎಲ್ಲಕ್ಕೂ ಬೀಗ ಬಿತ್ತು. ಮೊದಲು ಕೊಳ ಮುಚ್ಚಿತು, ಆಮೇಲೆ ಪಾರ್ಲರ್. ಕೊಳದ ಮ್ಯಾನೇಜರ್ ಒಂದಷ್ಟು ದಿನ ಅರ್ಧ ಸಂಬಳ ಹಾಕಿದ, ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದ. ಮೇಷ್ಟ್ರು ಟೆರೇಸಿನಲ್ಲಿ ಬೆಳಗ್ಗೆ ಬೆಳಗ್ಗೆ ಬಸ್ಕಿ ಹೊಡೆದ, ಮಗಳನ್ನು ನೆಲದ ಮೇಲೆ ಮಲಗಿಸಿ ಕೈ ಬೀಸುವುದನ್ನು ಹೇಳಿಕೊಟ್ಟ. ಸ್ಕೂಟರ್ ಮಾರಿದ. "ಹೇಗೂ ಎಲ್ಲಿಗೂ ಹೋಗೋ ಹಾಗಿಲ್ವಲ್ಲ," ಎಂದು ನಕ್ಕ. ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದರೆ ಕೆಳಗಡೆ ತಗಡು ಕಾಣಿಸತೊಡಗಿದಾಗ ನಗುವುದು ನಿಂತಿತು.

ಅಂಥ ದಿನಗಳಲ್ಲಿ ಪಾರ್ಲರ್‌ನ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿದರು. ನಿವೃತ್ತ ಹೆಡ್‌ಮಿಸ್. ಒಂಟಿ ಹೆಂಗಸು.

"ಕನ್ನಡಿ ನೋಡ್ಕೊಳ್ಳೋಕೆ ನಾಚಿಕೆ ಆಗುತ್ತಮ್ಮ, ಕೂದಲು ಕಾಡು ಬೆಳೆದ ಹಾಗೆ ಬೆಳೆದಿದೆ. ಮನೆಗೇ ಬಂದು ಕತ್ತರಿಸಿಕೊಟ್ಟು ಹೋಗ್ತೀಯಾ? ನಿನಗೆ ಕಮ್ಮಿ ಮಾಡಲ್ಲ."

ಗಂಡ ಬೇಡ ಎಂದ. "ಹೊರಗಡೆ ಹೇಗಿದೆ ಗೊತ್ತಲ್ವಾ? ಒಂದು ತಲೆಗೋಸ್ಕರ ಯಾಕೆ?"

ಅತ್ತೆಯೇ ಅವಳ ಪರ ನಿಂತರು. "ಹೋಗಿ ಬರಲಿ ಬಿಡೋ. ಬಾಯಿಗೆ ಬಟ್ಟೆ ಕಟ್ಕೊಂಡು ಹೋಗ್ತಾಳೆ. ನೀನು ಇಲ್ಲಿ ಟೆರೇಸ್ ಮೇಲೆ ಈಜಿದ್ರೆ ಒಲೆ ಉರಿಯಲ್ಲ."

ಅವಳು ಹೋದಳು. ಹೆಡ್‌ಮಿಸ್ ಕುರ್ಚಿಯಲ್ಲಿ ಕೂತು, ಮಾತಾಡಲು ಜನ ಸಿಕ್ಕಿದ ಖುಷಿಗೆ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡರು. ನಡುನಡುವೆ ಕೆಮ್ಮಿದರು. "ತಣ್ಣೀರು ಕುಡಿದುಬಿಟ್ಟೆ, ಗಂಟಲು ಕೆರೀತಿದೆ," ಎಂದರು. ಮಾಸ್ಕ್ ಏರಿಸಿಕೊಳ್ಳಿ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ದೊಡ್ಡವರು, ಕರೆದು ಕೆಲಸ ಕೊಟ್ಟವರು. ಬೇಗ ಬೇಗ ಕತ್ತರಿ ಆಡಿಸಿ, ಮನೆಗೆ ಬಂದು, ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ, ತಲೆಗೆ ನೀರು ಹೊಯ್ದುಕೊಂಡಳು. ಆ ಸಂಜೆ ಬಹಳ ದಿನದ ಮೇಲೆ ಮನೆಯಲ್ಲಿ ಹೊಟ್ಟೆ ತುಂಬ ಊಟವಾಯಿತು.

ಆ ವಾರವೇ ಅವಳಿಗೆ ಜ್ವರ ಬಂತು. ಅವಳದು ಸುಮ್ಮನೆ ಬಂದು ಹೋಯಿತು. ಮಗಳಿಗೆ ಏನೂ ಆಗಲಿಲ್ಲ. ಅತ್ತೆ ಮತ್ತು ಗಂಡ ಮಾತ್ರ ಹಾಸಿಗೆ ಹಿಡಿದರು. ಒಂದೇ ಆಂಬುಲೆನ್ಸಿನಲ್ಲಿ ಇಬ್ಬರನ್ನೂ ಒಯ್ದರು. ಮೆಟ್ಟಿಲಿಳಿಯುವಾಗ ಅತ್ತೆ ಗೋಡೆಗೆ ಒರಗಿ ನಿಂತು ಸೊಸೆಗೆ, "ಹಾಲು ಒಲೆ ಮೇಲಿದೆ ನೋಡ್ಕೋ," ಎಂದರು. ಅವಳು ಕೇಳಿದ ಅವರ ಕೊನೆಯ ಮಾತು ಅದು.

ಆಸ್ಪತ್ರೆಯಲ್ಲಿ ತಾಯಿಗೆ ಒಂದು ಮಹಡಿ, ಮಗನಿಗೆ ಇನ್ನೊಂದು. ನಾಲ್ಕನೇ ದಿನ ತಾಯಿ ಹೋದರು ಎಂದು ಫೋನ್ ಬಂತು. ಚೀಲದಲ್ಲಿ ಕಟ್ಟಿದ ದೇಹವನ್ನು ಅವಳು ಮತ್ತು ಮಗಳು ಆಸ್ಪತ್ರೆಯ ಹಿಂಬದಿಯ ಗೇಟಿನ ಆಚೆ ನಿಂತು ನೋಡಿದರು. ಮುಖ ಕಾಣಲಿಲ್ಲ. ವ್ಯಾನು ಹೊರಟಮೇಲೆ ಮಗಳು, "ಅಮ್ಮಾ, ಅದು ಅಜ್ಜಿಯೇ ಅಂತ ಹೇಗೆ ಗೊತ್ತು?" ಎಂದು ಕೇಳಿದಳು.

"ನಿಮ್ಮ ಯಜಮಾನ್ರಿಗೆ ಈಗಲೇ ಹೇಳ್ಬೇಡಿ, ಉಸಿರು ತುಂಬ ಕಷ್ಟದಲ್ಲಿದೆ," ಎಂದು ನರ್ಸ್ ತಾಕೀತು ಮಾಡಿದ್ದಳು. ಅವನು ಮಾತಾಡುವಷ್ಟು ಚೇತರಿಸಿಕೊಂಡ ದಿನ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ, "ಅಮ್ಮ ಹೇಗಿದ್ದಾಳೆ?"

"ಮನೆಗೆ ಬಂದಿದ್ದಾರೆ ರೀ. ಸುಸ್ತು ಅಷ್ಟೆ. ಮಲಗಿದ್ದಾರೆ."

"ಏನಂದ್ಲು?"

ಅವಳು ಖಾಲಿ ಮಂಚದ ಕಡೆ ನೋಡಿದಳು. "ಏನಂತಾರೆ? ಆಸ್ಪತ್ರೆಯವರಿಗೆ ನನ್ನ ಮಗನ ಗಂಟಲು ತಡ್ಕೊಳ್ಳೋಕಾಗ್ದೆ ಬೇಗ ಮನೆಗೆ ಕಳಿಸ್ತಾರೆ ನೋಡು, ಅಂದ್ರು."

ಆ ಕಡೆಯಿಂದ ನಗು ಬಂತು, ನಗುವಿನ ಹಿಂದೆ ಕೆಮ್ಮು, ಆಮೇಲೆ ಫೋನ್ ಕಟ್ಟಾಯಿತು.

ಅಂದಿನಿಂದ ಪ್ರತಿದಿನವೂ ಅವನು ಕೇಳುತ್ತಿದ್ದ, ಅವಳು ಪ್ರತಿದಿನವೂ ಅತ್ತೆಯ ಬಾಯಿಂದ ಬರಬಹುದಾದ ಒಂದು ಮಾತನ್ನು ಕಟ್ಟಿ ಹೇಳುತ್ತಿದ್ದಳು. ಫೋನ್ ಅಮ್ಮನಿಗೆ ಕೊಡು ಎಂದರೆ, ಈಗಷ್ಟೇ ನಿದ್ದೆ ಹತ್ತಿದೆ ಎನ್ನುವಳು. ಬೆಳಗ್ಗೆ ಪಾತ್ರೆ ತೊಳೆಯುವಾಗಲೇ ಅವತ್ತಿನ ಮಾತನ್ನು ಯೋಚಿಸಿ ಇಟ್ಟುಕೊಳ್ಳುವಳು. ಆಸ್ಪತ್ರೆಯ ಊಟ ಸಪ್ಪೆ ಅಂತ ಅವನು ದೂರಿದರೆ, "ಈಗಲಾದ್ರೂ ನನ್ನ ಅಡುಗೆ ಬೆಲೆ ಗೊತ್ತಾಯ್ತಾ ಕೇಳು," ಎಂದು ಅತ್ತೆ ಹೇಳಿದರು ಅನ್ನುವಳು. ಮಗಳು ಇದನ್ನೆಲ್ಲ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಅವನು ಮನೆಗೆ ಬಂದ ದಿನ ಮೂರು ಮಹಡಿ ಹತ್ತಲು ಬೆಳಗಿನ ಹೊತ್ತೆಲ್ಲ ಹಿಡಿಯಿತು. ಒಂದೊಂದು ತಿರುವಿನಲ್ಲೂ ಮೆಟ್ಟಿಲ ಮೇಲೆ ಕೂತ. ಅಂಗಿ ತೋಳೆರಡೂ ಬೇರೆ ಯಾರದೋ ಅನ್ನುವ ಹಾಗೆ ಜೋಲುತ್ತಿದ್ದವು. ಒಳಗೆ ಬಂದವನು ತಾಯಿಯ ಮಂಚ ನೋಡಿದ. ಹಾಸಿಗೆ ಇರಲಿಲ್ಲ. ಮಂಚದ ಮೇಲೆ ಒಗೆದ ಬಟ್ಟೆಗಳ ರಾಶಿ ಇತ್ತು.

"ಯಾವಾಗ?" ಎಂದ.

ಅವಳು ಹೇಳಿದಳು.

ಅವನು ಬೆರಳು ಮಡಚಿ ದಿನಗಳ ಲೆಕ್ಕ ಹಾಕಿದ. "ಹಂಗಾದ್ರೆ ಅಮ್ಮ ಹೇಳಿದ್ಲು ಅಂತಿದ್ಯಲ್ಲ, ಅದೆಲ್ಲ?"

"ನಾನೇ ಹೇಳಿದ್ದು."

ಅವನಿಗೆ ಅಳು ಬಂತು, ಆದರೆ ಅಳುವಷ್ಟು ಉಸಿರು ಇರಲಿಲ್ಲ. ಎರಡು ಸಲ ಎದೆ ಮೇಲೆ ಕೆಳಗೆ ಆಗಿ, ತುಟಿ ನೀಲಿಗಟ್ಟಿ, ಅವಳು ಓಡಿಹೋಗಿ ಆಮ್ಲಜನಕದ ಯಂತ್ರದ ಕೊಳವೆ ಅವನ ಮೂಗಿಗೆ ಸಿಕ್ಕಿಸಬೇಕಾಯಿತು. ಬಾಡಿಗೆಗೆ ತಂದ ಯಂತ್ರ ಅದು. ಅವಳ ಎರಡು ಬಳೆ, ಅತ್ತೆಯ ಸರ, ಎಲ್ಲ ಸೇರಿ ಆಸ್ಪತ್ರೆಗೂ ಆ ಯಂತ್ರಕ್ಕೂ ಕರಗಿಹೋಗಿದ್ದವು.

ಕೊಳ ಮತ್ತೆ ತೆರೆಯುವ ಹೊತ್ತಿಗೆ ಅವನು ಕೊಳವೆ ಇಲ್ಲದೆ ಓಡಾಡುವಷ್ಟಾಗಿದ್ದ. ಶ್ವಾಸಕೋಶ ಗಾಯಗೊಂಡು ಗಟ್ಟಿಯಾಗಿದೆ, ನೀರಿಗೆ ಇಳಿಯಬೇಡಿ ಎಂದು ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದರು. "ನೀರಿಗೆ ಯಾರು ಇಳೀತಾರೆ? ಮೇಲೆ ನಿಂತು ಹೇಳಿಕೊಡ್ತೀನಿ," ಎಂದು ಅವನು ಮ್ಯಾನೇಜರ್‌ನನ್ನು ಒಪ್ಪಿಸಿದ. ಸೀಟಿ ಊದಲಾಗುತ್ತಿರಲಿಲ್ಲ. ಗುಂಡಿ ಒತ್ತಿದರೆ ಕೂಗುವ ಸೀಟಿಯೊಂದನ್ನು ಹೆಂಡತಿ ತಂದುಕೊಟ್ಟಳು. ಹಳೆಯ ಮಕ್ಕಳು ಎತ್ತರವಾಗಿ ಬೆಳೆದಿದ್ದರು. "ಸರ್, ಜೋರಾಗಿ ಹೇಳಿ ಸರ್, ಕೇಳಿಸ್ತಿಲ್ಲ," ಎನ್ನುತ್ತಿದ್ದರು. ಅವನು ಕೊಳದ ಅಂಚಿನುದ್ದಕ್ಕೂ ನಡೆದು, ಕೂತು, ಮತ್ತೆ ನಡೆದು ಒಬ್ಬೊಬ್ಬರ ಕಿವಿಯ ಹತ್ತಿರ ಬಾಗಿ ಹೇಳುತ್ತಿದ್ದ. ಸಂಜೆ ಮನೆಗೆ ಬಂದರೆ ಊಟವನ್ನೂ ಮಾಡದೆ ಮಲಗುವನು. ಆದರೂ ಮುಖದಲ್ಲಿ ಒಂದಿಷ್ಟು ಕಳೆ ಬಂದಿತ್ತು. ಅವಳು ಅದನ್ನು ನೋಡಿಯೂ ನೋಡದ ಹಾಗೆ ಇದ್ದಳು, ದೃಷ್ಟಿಯಾದೀತು ಎಂಬ ಹೆದರಿಕೆ.

ಹಾಗೆ ಒಂದು ತಿಂಗಳು ಕೂಡ ನಡೆಯಲಿಲ್ಲ. ಒಂದು ಭಾನುವಾರ ಬೆಳಗ್ಗೆ, ಹೊಸದಾಗಿ ಸೇರಿದ ಪುಟ್ಟ ಹುಡುಗಿಯೊಬ್ಬಳು ತೇಲಲು ಕಟ್ಟಿದ್ದ ಕೈಪಟ್ಟಿ ಬಿಚ್ಚಿಟ್ಟು, ಆಳದ ಕಡೆಯ ಅಂಚಿನಲ್ಲಿ ಓಡಿ ಜಾರಿ ಬಿದ್ದಳು. ಹತ್ತಿರದಲ್ಲಿದ್ದವನು ಅವನೇ. ಯೋಚನೆ ಮಾಡುವ ಮೊದಲೇ ಮೈ ನೀರಿಗೆ ಧುಮುಕಿತ್ತು. ಮಗುವಿನ ಕಂಕುಳಿಗೆ ಕೈ ಹಾಕಿ ಮೇಲಕ್ಕೆತ್ತಿದ. ಅಲ್ಲಿಗೆ ಎದೆ ಬಿಗಿದುಕೊಂಡಿತು. ಮಗುವನ್ನು ತಲೆಯ ಮೇಲಕ್ಕೆ ಹಿಡಿದುಕೊಂಡೇ ಅವನು ಕೆಳಕ್ಕೆ ಇಳಿಯತೊಡಗಿದ.

ಪಕ್ಕದ ಸಾಲಿನಲ್ಲಿ ಈಜುತ್ತಿದ್ದ ಗುಬ್ಬಿ ನೋಡಿದಳು. ಬಂದು ಮಗುವನ್ನು ಕಸಿದು ದಡದವರ ಕೈಗೆ ಎಸೆದ ಹಾಗೆ ಕೊಟ್ಟಳು. ತಿರುಗಿ ಮುಳುಗಿ, ಅಪ್ಪನ ಕೊರಳ ಕೆಳಗೆ ತೋಳು ಹಾಕಿ, ಅವನೇ ಕಲಿಸಿಕೊಟ್ಟ ರೀತಿಯಲ್ಲಿ ಎಳೆದು ತಂದಳು. ಮಗು ಗಟ್ಟಿಯಾಗಿ ಅಳುತ್ತಿತ್ತು, ಅದಕ್ಕೇನೂ ಆಗಿರಲಿಲ್ಲ. ಮೇಷ್ಟ್ರು ದಡದ ಮೇಲೆ ಮಕಾಡೆ ಬಿದ್ದುಕೊಂಡು ನೀರು ಕಾರುತ್ತಿದ್ದ. ಸುತ್ತ ನಿಂತ ತಂದೆತಾಯಿಗಳಲ್ಲಿ ಕೆಲವರು ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದರು.

"ಮೇಷ್ಟ್ರೇ, ನಿಮ್ಮನ್ನ ಕಳಿಸೋಕೆ ನನಗೆ ಮನಸ್ಸಿಲ್ಲ," ಎಂದ ಮ್ಯಾನೇಜರ್ ಮಾರನೆಯ ದಿನ. "ಆದ್ರೆ ಮಕ್ಕಳ ಮನೆಯವರು ಒಪ್ಪಬೇಕಲ್ಲ? ಕಾಪಾಡೋನನ್ನೇ ಕಾಪಾಡಬೇಕಾಗಿ ಬಂದ್ರೆ ಹೇಗೆ ಅಂತಾರೆ."

"ಸರಿಯಾಗೇ ಅಂತಾರೆ," ಎಂದು ಅವನು ಸೀಟಿಯನ್ನು ಮೇಜಿನ ಮೇಲಿಟ್ಟು ಬಂದ.

ಮಗಳು ಅಂದಿನಿಂದ ಕೊಳಕ್ಕೆ ಹೋಗಲಿಲ್ಲ. ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು, ಅದನ್ನೂ ಬಿಟ್ಟಳು. ತಾಯಿ ರಮಿಸಿದಳು, ಗದರಿದಳು. "ಅಪ್ಪನಿಗೋಸ್ಕರವಾದ್ರೂ ಹೋಗೇ," ಎಂದಳು.

"ಆಗಲ್ಲಮ್ಮ. ಮುಖ ನೀರೊಳಗೆ ಹಾಕಿದ್ರೆ ಅಪ್ಪ ಕೆಳಗಡೆ ಇದ್ದಾನೆ ಅನ್ಸುತ್ತೆ," ಎಂದಳು ಗುಬ್ಬಿ.

ಪಾರ್ಲರ್ ತೆರೆದಿತ್ತು, ಜನ ಮೊದಲಿನಂತೆ ಬರುತ್ತಿರಲಿಲ್ಲ. ಒಬ್ಬರ ಕೈ ಮತ್ತೊಬ್ಬರ ಮುಖಕ್ಕೆ ತಾಕುವುದಕ್ಕೇ ಜನ ಹೆದರುತ್ತಿದ್ದರು. ಅವಳು ಮನೆಮನೆಗೂ ಹೋದಳು, ಹೆಡ್‌ಮಿಸ್ ಮನೆಯ ಬೀದಿಯೊಂದನ್ನು ಬಿಟ್ಟು. ಅವರು ಬದುಕಿಕೊಂಡಿದ್ದರು. ಒಮ್ಮೆ ಫೋನ್ ಮಾಡಿದರು, ಇವಳು ಎತ್ತಲಿಲ್ಲ.

ಅವನು ದಿನವಿಡೀ ಬಾಲ್ಕನಿಯ ಕುರ್ಚಿಯಲ್ಲಿ ಕೂತಿರುತ್ತಿದ್ದ. ಬೈಯುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಕೊಟ್ಟದ್ದನ್ನು ತಿನ್ನುತ್ತಿದ್ದ. ಅವಳು ಪಕ್ಕಕ್ಕೆ ಬಂದು ಕೂತರೆ ಮಾತ್ರ ಯಾವುದಾದರೂ ನೆವ ಮಾಡಿ ಮೆಲ್ಲಗೆ ಎದ್ದು ಒಳಗೆ ಹೋಗುವನು.

ಒಂದು ಮಧ್ಯಾಹ್ನ ಅವಳು ಅವನ ಕೊರಳಿಗೆ ಬಟ್ಟೆ ಸುತ್ತಿ ಕೂದಲು ಕತ್ತರಿಸುತ್ತಿದ್ದಳು. ಮುಖ ಕಾಣದ ಹಾಗೆ ಹಿಂದೆ ನಿಂತದ್ದರಿಂದಲೋ ಏನೋ, ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದ ಮಾತು ಹೊರಬಂತು.

"ರೀ, ಒಂದು ಮಾತು ಕೇಳ್ತೀನಿ. ಇದನ್ನ ಮನೆಗೆ ತಂದಿದ್ದು ನಾನೇ ಅಂತ ನಿಮ್ಮ ಮನಸ್ಸಲ್ಲಿ ಇದೆ ಅಲ್ವಾ?"

ಇಲ್ಲ ಎಂದು ಸುಳ್ಳಾದರೂ ಹೇಳಲಿ ಎಂದು ಅವಳು ಕಾದಳು.

"ಇದೆ," ಎಂದ. "ನೀನು ನಮಗೋಸ್ಕರನೇ ಹೋದೆ, ಅದೂ ಗೊತ್ತು. ಅಮ್ಮನೇ ಕಳಿಸಿದ್ಲು, ಅದೂ ಗೊತ್ತು. ದಿನಾ ನನಗೆ ನಾನೇ ಹೇಳ್ಕೋತೀನಿ. ಆದ್ರೂ ಹೋಗ್ತಿಲ್ಲ ಕಣೇ. ನಾನೇನು ಮಾಡ್ಲಿ?"

"ಹೋಗುತ್ತಾ ಯಾವತ್ತಾದ್ರೂ?"

"ಹೋಗುತ್ತೆ ಅಂತ ಅನ್ಸಲ್ಲ."

ಅರ್ಧ ಕತ್ತರಿಸಿದ ತಲೆಯನ್ನು ಹಾಗೇ ಬಿಡುವಂತಿರಲಿಲ್ಲ. ಅವಳು ಉಳಿದದ್ದನ್ನು ಮುಗಿಸಿದಳು, ಕುತ್ತಿಗೆಯ ಮೇಲಿನ ಕೂದಲನ್ನು ಬ್ರಷ್ಷಿನಿಂದ ಕೊಡವಿದಳು, ನೆಲ ಗುಡಿಸಿದಳು. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ ಅತ್ತಳು.

ಚಳಿ ಶುರುವಾಗುವ ಮುನ್ನ ಅವರು ಆ ಮನೆ ಬಿಟ್ಟರು. ಮೂರು ಮಹಡಿ ಅವನಿಂದ ಆಗುತ್ತಿರಲಿಲ್ಲ, ಬಾಡಿಗೆ ಅವಳಿಂದ ಆಗುತ್ತಿರಲಿಲ್ಲ. ಸೈಕಲ್ ಅಂಗಡಿಯೊಂದರ ಹಿಂಬದಿಯಲ್ಲಿ ನೆಲಮಟ್ಟದ ಒಂದೇ ಕೋಣೆ ಸಿಕ್ಕಿತು. ಕಿಟಕಿ ತೆಗೆದರೆ ಅಂಗಡಿಯ ಗ್ರೀಸಿನ ವಾಸನೆ, ಮುಚ್ಚಿದರೆ ಅವನಿಗೆ ಉಸಿರು ಸಾಲದು. ನಡುವೆ ಒಂದು ಪರದೆ ಕಟ್ಟಿ, ಈಚೆ ತಾಯಿ ಮಗಳು, ಆಚೆ ಅವನು, ಅವನಿಗೆ ಮತ್ತೆ ಬೇಕಾಗಿದ್ದ ಆಮ್ಲಜನಕದ ಯಂತ್ರ.

ಸಾಮಾನು ಜೋಡಿಸುತ್ತಿರುವಾಗ ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ನಿಂತು ಪರಿಚಯ ಮಾಡಿಕೊಂಡಳು. ಒಳ್ಳೆಯ ಮನಸ್ಸಿನವಳು, ಒಂದು ಬಿಂದಿಗೆ ಕುಡಿಯುವ ನೀರು ತಂದಿದ್ದಳು.

"ಯಜಮಾನ್ರು ಎಲ್ಲಿ ಕೆಲಸ ಮಾಡ್ತಾರೆ?"

"ಹುಷಾರಿಲ್ಲ. ಮನೇಲೇ ಇರ್ತಾರೆ."

"ಅಯ್ಯೋ ಪಾಪ. ಯಾವಾಗ ಗುಣ ಆಗುತ್ತಂತೆ?"

ಇನ್ನು ಗುಣವಾಗುವುದಿಲ್ಲ, ಇದ್ದಷ್ಟನ್ನು ಕಾಪಾಡಿಕೊಳ್ಳಿ ಎಂದು ಹೋದ ವಾರವಷ್ಟೇ ಡಾಕ್ಟರ್ ಹೇಳಿದ್ದರು. ಪರದೆಯ ಆಚೆ ಅವನು ಎಚ್ಚರವಾಗಿಯೇ ಇದ್ದಾನೆ ಎಂಬುದು ಅವಳಿಗೆ ಗೊತ್ತಿತ್ತು.

"ನಿಧಾನ ಆಗುತ್ತಂತೆ," ಎಂದಳು. ಬಿಂದಿಗೆ ಒಳಗಿಟ್ಟು, ಕತ್ತರಿ ಬಾಚಣಿಗೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಮಗಳಿಗೆ ಬಾಗಿಲು ಹಾಕಿಕೋ ಎಂದು ಹೇಳಿ, ಮೊದಲ ಮನೆಯ ಕೆಲಸಕ್ಕೆ ಹೊರಟಳು.