ಕೆಂಡ ತೆಗೆಯುವ ಹೊತ್ತು

ನನ್ನ ಗಂಡ ಗೊಂಬೊ ಒಂದು ಕೆಲಸ ಹಿಡಿದನೆಂದರೆ ಮನೆಯವರೆಲ್ಲ ಅದಕ್ಕೆ ಜೀತ ಮಾಡಬೇಕು. ಈ ಚಳಿಗಾಲದಲ್ಲಿ ದಿನಕ್ಕೆ ಎರಡು ಗಂಟೆ ಕರೆಂಟು ತೆಗೆಯುತ್ತಾರೆ ಎಂಬ ಸುದ್ದಿ ಬಂದದ್ದೇ ತಡ, ಅವನಿಗೆ ಬೇರೆ ಧ್ಯಾನವೇ ಇಲ್ಲದಂತಾಯಿತು. ಬಸ್ಸು ರಿಪೇರಿ ಮಾಡುವ ಶೆಡ್ಡಿನಿಂದ ಬಂದವನು ಕೈ ಕೂಡ ತೊಳೆಯದೆ ಕಿಟಕಿಗಳಿಗೆ ಪ್ಲಾಸ್ಟಿಕ್ ಹೊಡೆದ. ಬಾಗಿಲ ಸಂದಿಗೆಲ್ಲ ಕಂಬಳಿಯ ಪಟ್ಟಿ ತುರುಕಿದ. ಮೇಣದಬತ್ತಿ, ಹಣೆಗೆ ಕಟ್ಟುವ ದೀಪ, ನೀರಿನ ಕ್ಯಾನುಗಳು ಎಲ್ಲವೂ ಸಾಲಾಗಿ ನಿಂತವು. ಇಷ್ಟೆಲ್ಲ ಮಾಡುವಾಗ ಅವನು ಶಿಳ್ಳೆ ಹಾಕುತ್ತಿದ್ದ. ಮನೆಯೊಳಗೆ ಶಿಳ್ಳೆ ಹಾಕಬೇಡ ಅಂತ ಅತ್ತೆ ಬೈದರೆ ಅಂಗಳಕ್ಕೆ ಹೋಗಿ ಹಾಕುತ್ತಿದ್ದ.

ಅವನ ಭಯ ಸುಳ್ಳಲ್ಲ. ಉಲಾನ್‌ಬಾತರಿನ ಉತ್ತರದ ಗುಡ್ಡದ ಮೇಲೆ ನಮ್ಮ ಮನೆ. ಎರಡು ವರ್ಷದ ಹಿಂದೆ ಅಂಗಳದ ಗುಡಾರದಿಂದ ಎದ್ದು, ಪಕ್ಕದಲ್ಲೇ ಅವನೇ ಕಟ್ಟಿದ ಇಟ್ಟಿಗೆ ಮನೆಗೆ ಬಂದಿದ್ದೆವು. ನಡುಮನೆಯಲ್ಲಿ ಕಲ್ಲಿದ್ದಲು ಉರಿಸುವ ಕಬ್ಬಿಣದ ಒಲೆ, ಒಲೆಯ ಮೈಸುತ್ತ ನೀರು. ಆ ಬಿಸಿನೀರನ್ನು ಒಂದು ಪುಟ್ಟ ಪಂಪು ಗೋಡೆಯ ಕೊಳವೆಗಳಿಗೆಲ್ಲ ತಳ್ಳುತ್ತಿತ್ತು. ಪಂಪು ತಿರುಗುತ್ತಿದ್ದರೆ ಹೊರಗೆ ಏನೇ ಚಳಿ ಇರಲಿ, ಒಳಗೆ ಬನಿಯನ್ನಿನಲ್ಲಿ ಓಡಾಡಬಹುದು. ಕರೆಂಟು ಹೋಗಿ ಪಂಪು ನಿಂತರೆ ಒಲೆಯ ನೀರಿಗೆ ಹೋಗಲು ದಾರಿ ಇಲ್ಲ. ಅದು ಕುದಿಯುತ್ತದೆ, ಒತ್ತುತ್ತದೆ, ಕೊನೆಗೆ ಸಿಡಿಯುತ್ತದೆ.

ಹಿಂದಿನ ವರ್ಷ ಕೆಳಗಿನ ಓಣಿಯಲ್ಲಿ ಹಾಗೇ ಒಂದು ಒಲೆ ಸಿಡಿದಿತ್ತು. ನಾವೆಲ್ಲ ನೋಡಲು ಹೋಗಿದ್ದೆವು. ಬೆರಳು ದಪ್ಪದ ಕಬ್ಬಿಣ ರೊಟ್ಟಿಯ ಹಾಗೆ ಹರಿದುಹೋಗಿತ್ತು. ಗೋಡೆ ಇರಲಿಲ್ಲ. ಒಲೆಯ ಬದಿಯ ಗೋಡೆ ಬೆಚ್ಚಗಿರುತ್ತದೆಂದು ಆ ಮನೆಯವರು ಮಗುವಿನ ಮಂಚವನ್ನು ಅಲ್ಲೇ ಹಾಕಿದ್ದರು. ನಮ್ಮ ಉರ್ನಾಳ ಮಂಚವೂ ನಮ್ಮ ಮನೆಯಲ್ಲಿ ಅಲ್ಲೇ ಇತ್ತು. ಆ ದಿನ ಮನೆಗೆ ಬಂದವಳೇ ಮಂಚವನ್ನು ಎಳೆದು ಎದುರು ಗೋಡೆಗೆ ಹಾಕಿದೆ.

ಹಾಗಾಗಿ ಗೊಂಬೊ ಒಂದು ಕವಾಯತು ಶುರುಮಾಡಿದ. ಕರೆಂಟು ಹೋದ ಹನ್ನೆರಡು ನಿಮಿಷದೊಳಗೆ ಒಲೆಯ ಕೆಂಡವನ್ನೆಲ್ಲ ಕಬ್ಬಿಣದ ಬಕೆಟ್ಟಿಗೆ ಗೋರಿ ಅಂಗಳದ ಹಿಮದ ಮೇಲೆ ಸುರಿಯಬೇಕು. ಅವನು ಗಡಿಯಾರ ಹಿಡಿದು ನಿಲ್ಲುತ್ತಿದ್ದ, ಆರು ವರ್ಷದ ಉರ್ನಾ ಜೋರಾಗಿ ಎಣಿಸುತ್ತಿದ್ದಳು, ನಾನು ತಣ್ಣನೆಯ ಬೂದಿ ಗೋರುತ್ತ ಓಡಾಡುತ್ತಿದ್ದೆ.

"ಒಂಬತ್ತೂವರೆ ನಿಮಿಷ! ಏನ್ ಚೆಂದ್ಮಾ, ಶಿಶುವಿಹಾರದ ಅಡಿಗೇಲಿ ಸೌಟು ಆಡ್ಸೋ ಕೈ ಇಷ್ಟು ನಿಧಾನಾನಾ?"

"ನಿನ್ ಹೊಟ್ಟೆಗೆ ಹಾಕೋವಾಗ ನಿಧಾನ ಅನ್ಸಲ್ಲ ಅಲ್ವಾ?" ಎಂದೆ.

ಅತ್ತೆ ಮಾತ್ರ ನಗಲಿಲ್ಲ. ದುಲ್ಮಾ ಅತ್ತೆ ಹುಟ್ಟಿ ಬೆಳೆದದ್ದು ಗೋಬಿ ಮರುಭೂಮಿಯ ಅಂಚಿನ ಬಯಲಲ್ಲಿ, ಕುರಿ ಒಂಟೆಗಳ ನಡುವೆ. ಮೇವಿಲ್ಲದ ಒಂದು ಚಳಿಗಾಲದಲ್ಲಿ ಮಂದೆಯೆಲ್ಲ ಸತ್ತ ಮೇಲೆ, ಗುಡಾರ ಬಿಚ್ಚಿ ಲಾರಿಗೆ ಹಾಕಿಕೊಂಡು ಕಿರಿಮಗನ ಬಳಿ ಬಂದವರು. ನಮ್ಮಲ್ಲಿ ಮನೆಯ ಬೆಂಕಿ ಕಿರಿಮಗನಿಗೆ ಸೇರಿದ್ದು. ಆ ಬೆಂಕಿಯೆಂದರೆ ಅತ್ತೆಗೆ ಮನೆಯ ಹಿರಿಯ. ದಿನವೂ ಬೇಯಿಸಿದ್ದರಲ್ಲಿ ಮೊದಲ ಕೊಬ್ಬಿನ ಚೂರು ಅದಕ್ಕೆ. ಅದಕ್ಕೆ ನೀರು ತೋರಿಸಕೂಡದು, ಚಾಕು ತಾಗಿಸಕೂಡದು, ಅದರ ಕಡೆ ಕಾಲು ಚಾಚಕೂಡದು. ಹೊತ್ತು ಮುಳುಗಿದ ಮೇಲೆ ಹೊರಗೆ ಕೊಡುವುದಂತೂ ಇಲ್ಲವೇ ಇಲ್ಲ.

"ಬೆಂಕೀನ ಹಿಮಕ್ಕೆ ಎಸೀತೀಯೇನೋ? ನಿಮ್ಮಪ್ಪ ಇದ್ದಿದ್ರೆ ನಿನ್ ಕೈ ಮುರೀತಿದ್ರು," ಅಂದರು ಮಗನಿಗೆ.

"ಅಪ್ಪ ಇದ್ದಿದ್ರೆ ಬಕೆಟ್ಟು ಅವ್ರೇ ಹಿಡ್ಕೋತಿದ್ರು ಅಮ್ಮ. ಒಲೆ ಸಿಡಿದ್ರೆ ಬೆಂಕೀನೂ ಇರಲ್ಲ, ಕೊಬ್ಬು ಹಾಕೋರೂ ಇರಲ್ಲ."

ಅವನು ಅವರಿಗೂ ಎರಡು ಸಲ ಕವಾಯತು ಮಾಡಿಸಿದ. ಅತ್ತೆ ಬಾಯಿ ಬಿಗಿದುಕೊಂಡು ಬೂದಿ ಗೋರಿದರು. ನನಗಿಂತ ಬೇಗ ಮುಗಿಸಿದರು, ಅದೂ ಆ ಗಂಟುಗಟ್ಟಿದ ಬೆರಳುಗಳಲ್ಲಿ.

ಇಟ್ಟಿಗೆ ಮನೆಗೆ ಬಂದ ಮೇಲೂ ಅತ್ತೆ ತಂದ ಆ ಗುಡಾರವನ್ನು ಅಂಗಳದಿಂದ ಬಿಚ್ಚಿರಲಿಲ್ಲ. ಅದನ್ನು ಚಳಿಗಾಲದ ಮಾಂಸದ ಉಗ್ರಾಣ ಮಾಡಿದೆವು. ಅರ್ಧ ಹಸು, ಮೂರು ಕುರಿ ಒಳಗೆ ಕಲ್ಲಿನಂತೆ ಹೆಪ್ಪುಗಟ್ಟಿದ್ದವು. ನಾಯಿ ನುಗ್ಗಬಾರದು, ಹಿಮ ಬೀಳಬಾರದು ಎಂದು ಗೊಂಬೊ ಗುಡಾರದ ನೆತ್ತಿಯಲ್ಲಿ ಗಾಳಿ ಆಡಲು ಇದ್ದ ಕಿಂಡಿಯನ್ನು ಮುಚ್ಚಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಹಗ್ಗ ಬಿಗಿದು ನೀರು ಚಿಮುಕಿಸಿದ. ಗಂಟುಗಳು ಮಂಜುಗಟ್ಟಿ ಕಬ್ಬಿಣವಾದವು. ಒಳಗಿನ ಹಳೆಯ ಒಲೆಯ ಹೊಗೆಕೊಳವೆಯನ್ನು ಕಿತ್ತು ಹೊಸ ಮನೆಯ ಚಿಮಣಿಗೆ ಜೋಡಿಸಿದ. ಒಲೆ ಮಾತ್ರ ನಡುವೆ ಹಾಗೇ ಕೂತಿತ್ತು. ಅದನ್ನು ಅಲುಗಿಸಲು ಅತ್ತೆ ಬಿಡಲಿಲ್ಲ.

ಮೊದಲ ಕರೆಂಟು ಕಡಿತ ಬಂದ ಸಂಜೆ ಕೆಂಡ ಹೊತ್ತವಳು ನಾನು. ಹಿಮಕ್ಕೆ ಬಿದ್ದೊಡನೆ ಅದು ಚುಂಯ್ ಎಂದು ಕಿರುಚಿತು. ಅತ್ತೆ ಹಿಂದೆಯೇ ಬಂದಿದ್ದರು. ಅದು ಕರ್ರಗಾಗುವವರೆಗೂ ಬರಿತಲೆಯಲ್ಲಿ ನಿಂತೇ ಇದ್ದರು, ತುಟಿ ಅಲ್ಲಾಡುತ್ತಿತ್ತು. ಒಳಗೆ ಬಂದು ಊಟ ಬೇಡವೆಂದರು. ಮರುದಿನ ಚಹಾ ಕೂಡ ಮುಟ್ಟಲಿಲ್ಲ. ಮೂರನೆಯ ದಿನವೂ ಅದೇ ಮುಖ. ಹೊತ್ತು ಮುಳುಗಿದ ಮೇಲೆ ಬೆಂಕಿ ಹೊರಹಾಕಿದ ಮನೆಯಿಂದ ಒಬ್ಬರು ಹೊರಟೇ ಹೋಗುತ್ತಾರೆ ಎಂದು ಮಗುವಿನ ಮುಂದೆ ಗೊಣಗಿದರು. ಉರ್ನಾ ತಿನ್ನುತ್ತಿದ್ದ ಬಟ್ಟಲು ಕೆಳಗಿಟ್ಟು, "ಯಾರು ಹೋಗ್ತಾರೆ ಅಜ್ಜಿ? ನಾನಾ?" ಎಂದಳು.

ನನ್ನ ನಾಲಿಗೆಗೆ ಎಲುಬಿಲ್ಲ, ಅದು ನನಗೆ ಗೊತ್ತು. ನಲವತ್ತು ಮಕ್ಕಳಿಗೆ ಬೇಯಿಸಿ ಬಂದ ದಣಿವು ಬೇರೆ.

"ಅಷ್ಟು ಪ್ರೀತಿ ಇದ್ರೆ ನಿಮ್ ಬೆಂಕೀನ ನಿಮ್ ಗುಡಾರಕ್ಕೇ ಹೊತ್ಕೊಂಡು ಹೋಗಿ ಅತ್ತೆ! ಅಲ್ಲೇ ಒಲೆ ಇದ್ಯಲ್ಲ, ಅದ್ರಲ್ಲಿ ಮಲಗ್ಸಿ ಜೋಗುಳ ಹಾಡಿ. ಮಗೂನ ಹೆದರಿಸ್ಬೇಡಿ," ಅಂದೆ.

ಅತ್ತೆ ಬಟ್ಟಲು ಹತ್ತಿರ ಎಳೆದುಕೊಂಡರು. "ಆಗ್ಲಮ್ಮ," ಅಂದರು. ಆಮೇಲೆ ಚಹಾ ಬಗ್ಗಿಸಿಕೊಂಡು ಎರಡು ಬಟ್ಟಲು ಕುಡಿದರು. ಗೆದ್ದೆ ಎಂದುಕೊಂಡೆ ನಾನು. ಗೊಂಬೊ ಆಗ ಮನೆಯಲ್ಲಿರಲಿಲ್ಲ.

ನಾವು ಚಳಿಯನ್ನು ಒಂಬತ್ತು ದಿನಗಳ ಒಂಬತ್ತು ಕಂತುಗಳಾಗಿ ಎಣಿಸುತ್ತೇವೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಆ ಮೂರನೆಯ ಒಂಬತ್ತಿನ ಎರಡನೆಯ ದಿನ ಕಡಿತ ಇದ್ದದ್ದು ಏಳರಿಂದ ಒಂಬತ್ತು. ಅಷ್ಟರಲ್ಲಿ ನಾನೂ ಗೊಂಬೊನೂ ಮನೆಯಲ್ಲಿರುತ್ತಿದ್ದೆವು, ಕೆಂಡ ತೆಗೆಯುವುದು ನಮ್ಮದೇ ಕೆಲಸವಾಗಿತ್ತು. ಐದು ಗಂಟೆಗೆ ಬಸ್ಸು ಹತ್ತಿದೆ. ಐದೂ ಕಾಲಿಗೆ, ಸೇತುವೆಯ ಮೇಲೆ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದಿದ್ದಾಗ, ಎದುರಿನ ಗುಡ್ಡದ ದೀಪಗಳು ಬುಡದಿಂದ ಮೇಲಕ್ಕೆ ಸಾಲುಸಾಲಾಗಿ ಆರತೊಡಗಿದವು. ನಮ್ಮ ಸಾಲು ಕೊನೆಯದು. ಅದೂ ಆರಿತು.

ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯ ಕಡೆ ತಿರುಗಿದರು. ಯಾರೋ, "ಇನ್ನೂ ಹೊತ್ತಾಗಿಲ್ಲ ಕಣ್ರೋ," ಅಂದರು. ನಾನು ಅತ್ತೆಗೆ ಫೋನು ಮಾಡಿದೆ. ಗುಡ್ಡದ ಟವರೂ ಸತ್ತಿತ್ತು.

"ಬಾಗ್ಲು ತೆಗಿಯಪ್ಪಾ!"

"ಸೇತುವೆ ಮೇಲೆ ತೆಗ್ಯಂಗಿಲ್ಲಕ್ಕಾ," ಅಂದ ಡ್ರೈವರ್.

"ಮನೇಲಿ ಮಗು ಇದೆ, ಒಲೆ ಉರೀತಿದೆ. ತೆಗೀತೀಯಾ, ಗಾಜು ಒಡೀಲಾ?"

ತೆಗೆದ. ಓಡಿದೆ. ಹನ್ನೆರಡು ನಿಮಿಷ ಎಂಬುದು ತಲೆಯೊಳಗೆ ಮಗಳ ದನಿಯಲ್ಲೇ ಎಣಿಸುತ್ತಿತ್ತು. ಸೊನ್ನೆಗಿಂತ ಮೂವತ್ತನಾಲ್ಕು ಕೆಳಗೆ. ಇದ್ದಲ ಹೊಗೆ ಗಂಟಲು ಕೊಯ್ಯುತ್ತಿತ್ತು. ಹನ್ನೆರಡು ನಿಮಿಷ ಆದಾಗ ನಾನಿನ್ನೂ ಕೆಳಗಿನ ಅಂಗಡಿಯ ಬಳಿ ಇದ್ದೆ. ಅಲ್ಲಿ ನಿಂತು ಕಿವಿಗೊಟ್ಟೆ, ಸದ್ದು ಬರುತ್ತದೆಂದು. ನಾಯಿ ಬೊಗಳಿದ್ದು ಬಿಟ್ಟರೆ ಏನೂ ಇಲ್ಲ. ಮತ್ತೆ ಓಡಿದೆ. ಎರಡು ಸಲ ಬಿದ್ದೆ. ಅಂಗಳದ ಬೇಲಿಯ ಬಾಗಿಲು ತಳ್ಳಿದಾಗ ಮೂವತ್ತೈದು ನಿಮಿಷ ದಾಟಿತ್ತು.

ಮನೆ ನಿಂತಿತ್ತು.

ಒಳಗೆ ಕತ್ತಲು, ಬೆಚ್ಚಗೆ. ಫೋನಿನ ಬೆಳಕು ಹಿಡಿದರೆ ಒಲೆಯ ಬಾಯಿ ತೆರೆದಿದೆ, ಒಂದು ಕಿಡಿಯೂ ಬಿಡದಂತೆ ಗೋರಿ ತೆಗೆದಿದ್ದಾರೆ. ಮುದುಕಿ ಮಾಡಿದರು! ನನಗೆ ನಗುವೇ ಬಂತು. ಮಣೆಯ ಮೇಲೆ ಕುಸಿದು ಕೂತೆ. ಕ್ಯಾನಿನಿಂದ ನೀರು ಕುಡಿದೆ. ಕತ್ತಲಿಗೆ ಹೆದರಿ ಇಬ್ಬರೂ ಪಕ್ಕದ ಪುನ್ಸಾಗನ ಮನೆಗೆ ಹೋಗಿರಬೇಕು, ಅವನ ಹೆಂಡತಿ ಏನಾದರೂ ತಿನ್ನಲು ಕೊಟ್ಟಿರುತ್ತಾಳೆ ಎಂದುಕೊಂಡೆ. ಬೂಟು ಸಡಿಲಿಸಿ ಕಾಲು ತಿಕ್ಕಿಕೊಂಡೆ. ಹೀಗೆ ಐದು ನಿಮಿಷ ಕೂತಿದ್ದೆ. ಆ ಐದು ನಿಮಿಷವನ್ನು ನಾನು ಯಾರಿಗೂ ಲೆಕ್ಕ ಒಪ್ಪಿಸಲಾರೆ.

ಬಕೆಟ್ಟು ಇರಲಿಲ್ಲ. ಕೆಂಡ ಸುರಿದು ಬಕೆಟ್ಟನ್ನು ಒಳಗೆ ತರಬೇಕೆಂಬುದು ಗೊಂಬೊನ ನಿಯಮ. ಹೊರಗೆ ಹೋಗಿ ನೋಡಿದೆ. ಹಿಮದ ಮೇಲೆ ಕೆಂಡದ ಗುರುತೇ ಇಲ್ಲ. ಎರಡು ಜೊತೆ ಹೆಜ್ಜೆಗಳಿದ್ದವು, ಒಂದು ದೊಡ್ಡದು, ಒಂದು ಪುಟ್ಟದು. ನೇರ ಗುಡಾರಕ್ಕೆ ಹೋಗಿದ್ದವು.

ಗುಡಾರದ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಂದಿಯಲ್ಲಿ ಉರ್ನಾಳ ಉಣ್ಣೆಬೂಟು ಸಿಕ್ಕಿಕೊಂಡಿತ್ತು. ಬಾಗಿಲೆಳೆದರೆ ಅವಳು ಆ ಸಂದಿಗೇ ಮೂಗು ಹಚ್ಚಿ ಮುದುಡಿ ಬಿದ್ದಿದ್ದಳು. ಬಾಯಿಯ ಸುತ್ತ ವಾಂತಿ. ಒಳಗೆ ತೂಗುಹಾಕಿದ ಮಾಂಸದಿಂದ ನೀರು ತೊಟ್ಟಿಕ್ಕುತ್ತಿತ್ತು. ನಡುವೆ ಹಳೆಯ ಒಲೆ, ಅದರ ತುಂಬ ಕೆಂಡ. ಒಂದು ಎಳೆ ಹೊಗೆಯಿಲ್ಲ, ಏನೂ ವಾಸನೆಯಿಲ್ಲ, ಮೇಲೆ ಹಾಕಿದ ಕೊಬ್ಬಿನ ಚೂರಿನ ಕಂಪು ಬಿಟ್ಟರೆ. ಅತ್ತೆ ಒಲೆಯ ಮುಂದೆ ಕಾಲು ಮಡಚಿ ಕೂತಿದ್ದರು, ಗಲ್ಲ ಎದೆಗೆ ತಾಗಿತ್ತು. ಬಯಲಿನ ಅವರ ಬದುಕೆಲ್ಲ ಬೆರಣಿಯ ಬೆಂಕಿ. ಬೆರಣಿ ಕೆಟ್ಟದ್ದು ಮಾಡುವುದಿದ್ದರೆ ಹೊಗೆ ಎಬ್ಬಿಸಿ ಕೆಮ್ಮಿಸಿ ಹೇಳುತ್ತದೆ. ಇದ್ದಲಿನ ಕೆಂಡ ಹೊಗೆಯಿಲ್ಲದೆ ವಿಷ ಬಿಡುತ್ತದೆಂದು ಅವರಿಗೆ ನಾವು ಯಾರೂ ಹೇಳಿರಲಿಲ್ಲ. ಆ ವಿಷ ಗಾಳಿಗೆ ಸೇರಿದೊಡನೆ ಕೂಗಿ ಎಚ್ಚರಿಸುವ ಪುಟ್ಟ ಯಂತ್ರವನ್ನು ಗೊಂಬೊ ಹೊಸ ಮನೆಯಲ್ಲಿ, ಉರ್ನಾಳ ಮಂಚದ ಮೇಲೆ ನೇತುಹಾಕಿದ್ದ.

ಮಗಳನ್ನು ಎಳೆದು ಹಿಮದ ಮೇಲೆ ಹಾಕಿ ಕೆನ್ನೆಗೆ ಹೊಡೆದೆ. ನನ್ನ ಕಿರುಚಾಟಕ್ಕೆ ಪುನ್ಸಾಗ್ ಬೇಲಿ ಹಾರಿ ಬಂದ. ಅವನು ಅತ್ತೆಯನ್ನು ತೋಳು ಹಿಡಿದು ಹೊರಗೆಳೆದ, ಎದೆ ಒತ್ತಿದ, ಎಷ್ಟೋ ಹೊತ್ತು ಒತ್ತಿದ. ಆಮೇಲೆ ಟೋಪಿ ತೆಗೆದ.

ಉರ್ನಾ ಮತ್ತೊಮ್ಮೆ ವಾಂತಿ ಮಾಡಿ ಕಣ್ಣುಬಿಟ್ಟಳು.

"ಬಾಗ್ಲು ಹಾಕೇ, ಚಳಿ ಬರುತ್ತೆ ಅಂತ ಅಜ್ಜಿ ಬೈದ್ರು," ಅಂದಳು. "ನಾನು ಹಾಕ್ಲಿಲ್ಲ ಅಮ್ಮ. ನೀನ್ ಬರೋದು ನೋಡ್ತಿದ್ದೆ."

"ಒಳ್ಳೇದ್ ಮಾಡ್ದೆ ಕಂದ, ಒಳ್ಳೇದ್ ಮಾಡ್ದೆ."

"ಅಜ್ಜಿ ಮೇಲಿನ ಹಗ್ಗ ಎಳೆದ್ರು, ಎಳೆದ್ರು, ಬರ್ಲೇ ಇಲ್ಲ. ಹೋಗ್ಲಿ ಬಿಡು, ಹೊಗೆ ಇಲ್ವಲ್ಲ ಅಂದ್ರು. ಬೆಂಕಿ ಇಲ್ಲಿಗೆ ತಾ ಅಂತ ನಿಮ್ಮಮ್ಮಾನೇ ಹೇಳಿದಾಳೆ, ಒಳ್ಳೆ ಹುಡುಗಿ ಅಂದ್ರು."

ಪುನ್ಸಾಗ್ ಅಷ್ಟು ದೂರದಲ್ಲಿ ಅತ್ತೆಯ ಮೈಮೇಲೆ ತನ್ನ ಕೋಟು ಹೊದಿಸುತ್ತಿದ್ದ. ಅವನಿಗೆ ಕೇಳಿಸಲಿಲ್ಲ. ಕೇಳಿಸಲಿಲ್ಲವಲ್ಲ ಎಂದು ನಾನು ಆ ಕ್ಷಣದಲ್ಲೂ ತಿರುಗಿ ನೋಡಿದೆ. ಅಷ್ಟು ನೀಚಳು ನಾನು.

ಲಾಮಾ ಹೇಳಿದಂತೆ ಮೂರನೆಯ ದಿನ ಅತ್ತೆಯನ್ನು ಮಣ್ಣು ಮಾಡಿ ಬಂದೆವು. ಬಂದ ನೆಂಟರೆಲ್ಲ ಉಂಡು ಹೋದ ಮೇಲೆ ಮೇಜಿನ ಮುಂದೆ ಉಳಿದದ್ದು ನಾವು ಮೂವರೇ. ನಡುವೆ ಕೊನೆಗೆ ಬೇಯಿಸಿದ ಮಾಂಸದ ಕಡುಬಿನ ತಟ್ಟೆ, ಹಬೆ ಇನ್ನೂ ಆರಿರಲಿಲ್ಲ. ಗೊಂಬೊ ಆ ಮೂರು ದಿನ ಏನೂ ತಿಂದಿರಲಿಲ್ಲ. ಅವನ ಉಗುರುಗಳೆಲ್ಲ ಒಡೆದಿದ್ದವು. ಮಗಳನ್ನು ತೋರಿಸಿಕೊಂಡು ಆಸ್ಪತ್ರೆಯಿಂದ ಬಂದವನೇ ಗುಡಾರದ ನೆತ್ತಿಯ ಮೇಲೆ ಹತ್ತಿ, ಮಂಜುಗಟ್ಟಿದ ಗಂಟುಗಳನ್ನು ಬರಿಗೈಯಲ್ಲಿ ಬಿಚ್ಚಲು ಹೋಗಿದ್ದ.

"ನಾನೇ ಕೊಂದೆ ಚೆಂದ್ಮಾ. ಕಿಂಡಿ ಕಟ್ಟಿದ್ದು ನಾನು. ಕೊಳವೆ ಕಿತ್ತಿದ್ದು ನಾನು."

ನಾನು ಕಡುಬಿನ ತಟ್ಟೆಯನ್ನು ಅವನ ಕಡೆ ಸರಿಸಿದೆ.

"ಎಲ್ಲ ಹೇಳ್ಕೊಟ್ಟಿದ್ದೆ. ಅಂಗಳದಲ್ಲಿ ಸುರೀಬೇಕು ಅಂತ ಎರಡು ಸಲ ಮಾಡಿಸಿದ್ದೆ. ಸರಿಯಾಗೇ ಮಾಡಿದ್ರು. ಆಮೇಲೆ ಗುಡಾರದ ಯೋಚ್ನೆ ಎಲ್ಲಿಂದ ಬಂತು ಅಮ್ಮಂಗೆ?" ಅವನು ಮಗಳ ಕಡೆ ತಿರುಗಿದ. "ಅಜ್ಜಿಗೆ ಯಾರಾದ್ರೂ ಹೇಳಿದ್ರಾ ಪುಟ್ಟ?"

ಉರ್ನಾ ಬಾಯಿ ತೆರೆದಳು. ನನ್ನ ಕೈ ತಾನಾಗೇ ತಟ್ಟೆಗೆ ಹೋಯಿತು. ಒಂದು ಕಡುಬು ಎತ್ತಿ ಅವಳ ಬಾಯಿಗಿಟ್ಟೆ.

"ಮಗೂನ ಕಾಡ್ಬೇಡ, ಮೊದ್ಲು ಅದು ತಿನ್ಲಿ," ಎಂದೆ.

ಕಡುಬು ಬಿಸಿಯಿತ್ತು. ಅವಳ ಕಣ್ಣಲ್ಲಿ ನೀರು ಬಂತು, ಆದರೂ ಉಗುಳಲಿಲ್ಲ. ನನ್ನನ್ನೇ ನೋಡುತ್ತ ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ತಂದೆಗೆ, "ಗೊತ್ತಿಲ್ಲ," ಅಂದಳು.